ನೂರಾ ಹದಿನೆಂಟಕ್ಕೆ ಒಂದು ಹೆಸರು

ಸವಿತಾಳ ಹೆಸರು ಮಲ್ಲಿಕ್‌ನ ಕಡೆಗಿತ್ತು. ತಪ್ಪಿ ಕಂಡಿರಬೇಕೆಂದು ಸಿದ್ರಾಮ ಕನ್ನಡಕ ತೆಗೆದು ಬನಿಯನ್ನಿನ ಅಂಚಿಗೆ ಒರೆಸಿ ಮತ್ತೆ ನೋಡಿದ. ತಪ್ಪಾಗಿರಲಿಲ್ಲ. ಫೋನಿನ ಬಳಗದ ಮತದಾನದಲ್ಲಿ ಗುಟ್ಟೆಂಬುದಿಲ್ಲ. ಯಾರು ಯಾವುದಕ್ಕೆ ಒತ್ತಿದರು ಅನ್ನುವುದು ಅವರವರ ಫೋಟೋ ಸಮೇತ ಸಾಲಾಗಿ ನಿಲ್ಲುತ್ತದೆ. ಮೇಲೆ ಬಳಗದ ಅಡ್ಮಿನ್ ನೀಲಾಂಬಿಕಾ ಮೇಡಂ ಹಾಕಿದ ಪ್ರಶ್ನೆ: ನೂರಾ ಹದಿನೆಂಟನೇ ಕಂತಿಗೆ ಕಿರುಹೆಸರು ಯಾವುದಿರಲಿ? ಅದರ ಕೆಳಗೆ ಎರಡು ಸಾಲು. ಒಂದು, ಸಿದ್ರಾಮ ಸೂಚಿಸಿದ ‘ಆಕೋಬ’. ಇನ್ನೊಂದು, ಮಲ್ಲಿಕ್ ಸೂಚಿಸಿದ ‘ಕೋಣೆ’. ಮೊದಲನೆಯದಕ್ಕೆ ನಲವತ್ತೊಂದು ಮತ, ಎರಡನೆಯದಕ್ಕೆ ನಲವತ್ತಾರು. ಆ ನಲವತ್ತಾರರ ನಡುವೆ, ಯಾರೋ ಬೋಳುತಲೆಯವರೊಬ್ಬರಿಗೂ ಗುಲಾಬಿ ಹೂವಿನ ಚಿತ್ರ ಇಟ್ಟುಕೊಂಡ ಇನ್ನೊಬ್ಬರಿಗೂ ಮಧ್ಯೆ, ಅವನ ಹೆಂಡತಿ ನಗುತ್ತಿದ್ದಳು. ಆ ಫೋಟೋ ತೆಗೆದವನೂ ಅವನೇ, ಹೋದ ವರ್ಷ ಬಾಗಲಗುಂಟೆಯ ಇದೇ ಮನೆಯ ತಾರಸಿಯಲ್ಲಿ, ಮುಖದ ಮೇಲೆ ನೆರಳು ಬೀಳದಂತೆ ಅವಳನ್ನು ಮೂರು ಸಲ ಜಾಗ ಬದಲಿಸಿ ನಿಲ್ಲಿಸಿ. ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು. ಮತ ಹಾಕಿ, ಫೋನನ್ನು ಫ್ರಿಜ್ಜಿನ ಮೇಲಿಟ್ಟು, ಏನೂ ಆಗಿಲ್ಲವೆಂಬಂತೆ ತಲೆಗೆ ಎಣ್ಣೆ ಹಚ್ಚಿಕೊಂಡು ಅವಳು ಸ್ನಾನಕ್ಕೆ ಹೋಗಿದ್ದಳು.

ಹೊರಗಿನವರಿಗೆ ಇದೆಲ್ಲ ಹುಚ್ಚು ಅನ್ನಿಸೀತು. ಹದಿಮೂರು ವರ್ಷದ ಹಿಂದೆ ಸಂಜೆ ಏಳೂವರೆಗೆ ಟೀವಿಯಲ್ಲಿ ಬರುತ್ತಿದ್ದ ‘ಕೊನೇ ಸ್ಟಾಪ್’ ಎಂಬ ಧಾರಾವಾಹಿ, ಬಸ್ಸಿನ ಕೊನೇ ನಿಲ್ದಾಣದ ಹತ್ತಿರ ಬಾಡಿಗೆ ಮನೆಯಲ್ಲಿರುವ ಕಂಡಕ್ಟರನೊಬ್ಬನ ಸಂಸಾರದ ಕಥೆ. ನೂರಾ ಅರವತ್ತನಾಲ್ಕು ಕಂತು. ಪ್ರತಿ ಕಂತಿಗೂ ಒಂದು ಉದ್ದನೆಯ ಶೀರ್ಷಿಕೆ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಮೂಡಿ ಮಾಯವಾಗುತ್ತಿತ್ತು. ಯಾರೋ ಪುಣ್ಯಾತ್ಮರು ಅಷ್ಟನ್ನೂ ಯೂಟ್ಯೂಬಿಗೆ ಹಾಕಿದ ಮೇಲೆ, ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿದ್ದ ನಿವೃತ್ತ ಉಪಾಧ್ಯಾಯಿನಿ ನೀಲಾಂಬಿಕಾ ಒಂದು ಬಳಗ ಕಟ್ಟಿದರು. ಈಗ ಇನ್ನೂರು ಚಿಲ್ಲರೆ ಜನ. ಭಾನುವಾರ ಮಧ್ಯಾಹ್ನ ಎಲ್ಲರೂ ಅವರವರ ಮನೆಯಲ್ಲೇ ಕೂತು ಒಂದು ಕಂತು ನೋಡಬೇಕು, ಆಮೇಲೆ ವಾರವಿಡೀ ಅದರ ಬಗ್ಗೆ ಜಗಳವಾಡಬೇಕು. ಜಗಳವಾಡುವಾಗ ಪ್ರತಿ ಸಲ ‘ಹೇಳುವುದಿತ್ತು ಹೇಳಲಿಲ್ಲ’ ಎಂದು ಪೂರ್ತಿ ಟೈಪು ಮಾಡಲು ಯಾರಿಗೆ ಪುರುಸೊತ್ತು? ಹಾಗಾಗಿ ಕಿರುಹೆಸರು. ಮೂರು ದಿನ ಯಾರೂ ತಕರಾರು ತೆಗೆಯದಿದ್ದರೆ ಆ ಹೆಸರು ಪಟ್ಟಿಗೆ ಹೋಗುತ್ತದೆ, ತೆಗೆದರೆ ಮತಕ್ಕೆ. ಪಟ್ಟಿ ಇಟ್ಟುಕೊಂಡವನು ಸಿದ್ರಾಮ. ಪೀಣ್ಯದ ವಾಲ್ವ್ ಕಾರ್ಖಾನೆಯಲ್ಲಿ ಅವನು ‘ಸ್ಟೋರ್ ಸಿದ್ರಾಮ’, ಮನೆ ಮಾಲೀಕರಿಗೆ ‘ಕೆಳಗಿನ ಮನೆಯವರು’, ಊರು ರೋಣದ ಕಡೆ ಹೋದರೆ ‘ಬೆಂಗಳೂರಾಗ ಏನೋ ಮಾಡ್ತಾನ’. ಈ ಬಳಗದಲ್ಲಿ ಮಾತ್ರ ‘ಪಟ್ಟಿ ಸರ್’. ನಲವತ್ತೈದು ವರ್ಷದಲ್ಲಿ ತನ್ನನ್ನು ಸರ್ ಎಂದು ಕರೆದವರು ಇವರಷ್ಟೇ ಎನ್ನುವುದನ್ನು ಅವನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವ ವಿಷಯವೂ ಅಲ್ಲ ಅದು.

ಐದು ತಿಂಗಳ ಹಿಂದೆ ಮಲ್ಲಿಕ್ ಬಂದ. ವರ್ತೂರಿನಲ್ಲಿ ಮನೆ, ವೈಟ್‌ಫೀಲ್ಡಿನ ಯಾವುದೋ ಆಫೀಸಿನಲ್ಲಿ ಕೆಲಸ. ಫೋಟೋದಲ್ಲಿ ಮುಖವಿಲ್ಲ, ಕೆರೆ ನೋಡುತ್ತ ನಿಂತ ಬೆನ್ನು ಮಾತ್ರ. ಮುಖ ತೋರಿಸದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟ, ಎಲ್ಲವನ್ನೂ ತಾನೇ ಕಲ್ಪಿಸಿಕೊಳ್ಳಬೇಕಾಗುತ್ತದೆ. ಸಿದ್ರಾಮ ಕಲ್ಪಿಸಿಕೊಂಡ: ಒಪ್ಪವಾಗಿ ಕತ್ತರಿಸಿದ ಗಡ್ಡ, ಇಸ್ತ್ರಿ ಬೇಡದ ಬಟ್ಟೆಯ ಶರ್ಟು, ಕೈಯಲ್ಲಿ ಕಾಗದದ ಲೋಟದ ಕಾಫಿ. ಬಂದ ಎರಡನೇ ವಾರವೇ ಅವನು ಬರೆದಿದ್ದ: “ಪಟ್ಟಿ ಸರ್ ಬಗ್ಗೆ ಫುಲ್ ಗೌರವ ಇದೆ ಗುರು, ಆದ್ರೆ ಈ ಅಕ್ಷರ ಜೋಡ್ಸೋ ಸರ್ಕಸ್ ಹೊಸಬರಿಗೆ ಅರ್ಥ ಆಗಲ್ಲ. ಟೈಟಲ್ಲಲ್ಲಿರೋ ಒಂದು ಒಳ್ಳೆ ಪದ ಎತ್ಕೊಂಡ್ರೆ ಸಾಕಲ್ವಾ?” ಅದಕ್ಕೆ ಇಪ್ಪತ್ತೆರಡು ಹೃದಯಗಳು ಬಿದ್ದಿದ್ದವು. ಸಿದ್ರಾಮ ಒಂದೊಂದನ್ನೂ ಒತ್ತಿ ಯಾರದ್ದೆಂದು ನೋಡಿದ್ದ. ಹತ್ತೊಂಬತ್ತನೆಯದು ಸವಿತಾಳದ್ದು. ಅಂದಿನಿಂದ ಅವನಿಗೆ ಇದೇ ಕೆಲಸವಾಯಿತು. ರೊಟ್ಟಿ ಬಡಿಯುತ್ತ ಅವಳು ಫೋನು ನೋಡಿ ನಕ್ಕರೆ, ಇವನು ಪಡಸಾಲೆಯಲ್ಲಿ ಕೂತು ತನ್ನ ಫೋನಿನಲ್ಲಿ ಮಲ್ಲಿಕ್ ಈಗತಾನೆ ಏನು ಬರೆದ ಎಂದು ಹುಡುಕುವುದು. ಬರೆದಿದ್ದರೆ ಹೊಟ್ಟೆ ಉರಿಯುತ್ತಿತ್ತು. ಬರೆದಿರದಿದ್ದರೆ ಇನ್ನೂ ಹೆಚ್ಚು ಉರಿಯುತ್ತಿತ್ತು, ಹಾಗಾದರೆ ಬೇರೆಲ್ಲೋ ಬರೆದಿದ್ದಾನೆ. ಸವಿತಾ ನಗುವಾಗ ಮೇಲಿನ ತುಟಿ ಒಂದು ಕಡೆ ಸ್ವಲ್ಪ ಮೇಲೇಳುತ್ತದೆ. ಆ ನಗು ತನ್ನ ಜೋಕಿಗೆ ಕೊನೆಯ ಸಲ ಬಂದದ್ದು ಯಾವಾಗ ಎಂದು ಲೆಕ್ಕ ಹಾಕಲು ಹೋಗಿ, ನೆನಪಾಗದೆ, ನೆನಪಾಗದ್ದಕ್ಕೂ ಮಲ್ಲಿಕ್‌ನ ಮೇಲೆಯೇ ಸಿಟ್ಟು ಮಾಡಿಕೊಂಡಿದ್ದ.

ಅವಳನ್ನು ಬಳಗಕ್ಕೆ ಸೇರಿಸಿದವನೂ ತಾನೇ ಎನ್ನುವುದು ಬೇರೆ. ಇನ್ನೂರು ಜನ ತನ್ನನ್ನು ಸರ್ ಎನ್ನುವುದನ್ನು ಅವಳು ಒಂದು ಸಲ ಕಣ್ಣಾರೆ ನೋಡಲಿ ಎಂಬ ಆಸೆ. ಆಸೆಗೆ ಬುದ್ಧಿ ಕಡಿಮೆ. ಯಾಕೆಂದರೆ ಪಟ್ಟಿಯಲ್ಲಿದ್ದ ಹೆಸರುಗಳು ಹೆಚ್ಚುಕಡಿಮೆ ಅವಳವೇ. ಮದುವೆಯಾದ ಹೊಸತರಲ್ಲಿ ಅವನು ಮರೆತುಹೋದ ಊಟದ ಡಬ್ಬಿಯನ್ನು ಕೊಡಲು ಅವಳು ಒಮ್ಮೆ ಕಾರ್ಖಾನೆಗೆ ಬಂದಿದ್ದಳು. ಸ್ಟೋರಿನ ಕಿಟಕಿಯಿಂದ ಒಳಗೆ ನೋಡಿದರೆ ರ್‍ಯಾಕಿನ ಡಬ್ಬಗಳ ಮೇಲೆಲ್ಲ ಅವನ ಕೈಬರಹದ ಚೀಟಿ. ಇಂಗ್ಲಿಷು ಬಾರದ ಕೆಲಸದವರಿಗೆ ಸುಲಭವಾಗಲಿ ಎಂದು ಹಿತ್ತಾಳೆ ವಾಲ್ವ್ ಮೂರಿಂಚು ಎನ್ನುವುದನ್ನು ‘ಹಿವಾಮೂ’ ಎಂದು, ಸಣ್ಣ ಬೋಲ್ಟನ್ನು ‘ಸಬೋ’ ಎಂದು ಬರೆದಿದ್ದ. ಅವಳು ದಾರಿಯುದ್ದಕ್ಕೂ ನಕ್ಕಿರಬೇಕು, ಸಂಜೆ ಅವನು ಮನೆಗೆ ಬಂದಾಗಲೂ ನಗುತ್ತಿದ್ದಳು. ಅಡುಗೆಮನೆಯ ಡಬ್ಬಗಳ ಮೇಲೆ ‘ತೊಬೇ’, ‘ಜೋಹಿ’ ಎಂದು ಚೀಟಿ ಅಂಟಿಸಿದ್ದಳು. ತೊಗರಿ ಬೇಳೆ, ಜೋಳದ ಹಿಟ್ಟು. ಆಮೇಲೆ ಧಾರಾವಾಹಿ ಶುರುವಾದಾಗ ಕಂತುಗಳ ಸರದಿ. ‘ಹೇಳುವುದಿತ್ತು ಹೇಳಲಿಲ್ಲ’ ಅವಳ ಬಾಯಲ್ಲಿ ‘ಹೇಹೇ’ ಆಯಿತು, ಅವನು ಮೇಲಿನವರ ಬೈಗುಳ ನುಂಗಿಕೊಂಡು ಬಂದ ದಿನ ಮುಖ ನೋಡಿಯೇ “ಇವತ್ತ ಹೇಹೇ ಏನ್ರೀ?” ಅನ್ನುತ್ತಿದ್ದಳು. ‘ಅನ್ನ ಆರುವ ಮೊದಲು’ ಎಂಬುದು ‘ಅಆಮೊ’. ಇಷ್ಟು ಮೆಸೇಜು ಬಂದರೆ ಓವರ್‌ಟೈಮ್ ಬಿಟ್ಟು ಬೇಗ ಬಾ ಎಂದರ್ಥ. ಮನೆಗೆ ನೆಂಟರು ಬಂದಾಗ ಅವರೆದುರಿಗೇ ಗಂಡ ಹೆಂಡತಿ ಈ ಅಕ್ಷರಗಳಲ್ಲಿ ಮಾತಾಡಿಕೊಂಡು ಆಮೇಲೆ ಅಡುಗೆಮನೆಗೆ ಹೋಗಿ ಬಾಯಿಗೆ ಅವಳು ಸೆರಗು, ಅವನು ಕೈ ಅಡ್ಡ ಹಿಡಿದುಕೊಂಡು ನಕ್ಕಿದ್ದುಂಟು. ಮೂರು ವರ್ಷದ ಹಿಂದೆ ಬಳಗದಲ್ಲಿ ಅವನು ಮೊದಲ ಸಲ ‘ಹೇಹೇ’ ಎಂದು ಬರೆದಾಗ ಯಾರೋ ಕೇಳಿದ್ದರು, “ಸೂಪರ್ ಸರ್, ನೀವೇ ಮಾಡಿದ್ದಾ?” ಅವನ ಹೆಬ್ಬೆರಳು ‘ಹೌದು’ ಎಂದು ಬರೆದಿತ್ತು. ಪದ್ಧತಿ ತನ್ನದು, ಹೆಸರು ಅವಳದು, ಎರಡೂ ಒಂದೇ ಮನೆಯದು ತಾನೇ ಎಂದು ಸಮಾಧಾನ ಮಾಡಿಕೊಂಡಿದ್ದ. ಅವಳು ಬಳಗಕ್ಕೆ ಬಂದ ದಿನ ಪಟ್ಟಿ ಪೂರ್ತಿ ಓದಿದಳು. ಕೈ ಮುಗಿದ ಚಿತ್ರವೊಂದನ್ನು ಹಾಕಿದಳು, ಅಷ್ಟೇ. ಆ ಮುಗಿದ ಕೈಗಳಿಗೆ ಏನು ಅರ್ಥವಿತ್ತೆಂದು ಕೇಳುವ ಧೈರ್ಯ ಅವನಿಗೆ ಈವರೆಗೆ ಬಂದಿರಲಿಲ್ಲ.

ಆದರೂ ಒಂದನ್ನು ಅವನು ಬಿಟ್ಟಿದ್ದ. ಪಟ್ಟಿಯಲ್ಲಿ ನೂರಾ ಹದಿನೆಂಟರ ಎದುರು ಖಾಲಿ. ಆ ಕಂತಿನ ಶೀರ್ಷಿಕೆ ‘ಆ ಕೋಣೆಗೆ ಬಣ್ಣ ಬೇಡ’. ಕಂಡಕ್ಟರನ ಸೊಸೆ ಬಸುರಿ, ಮನೆಯವರೆಲ್ಲ ಸೇರಿ ಸಣ್ಣ ಕೋಣೆಗೆ ಬಣ್ಣ ಹೊಡೆಯಲು ಡಬ್ಬ ತಂದಿಟ್ಟಿದ್ದಾರೆ, ಆಸ್ಪತ್ರೆಯಿಂದ ಬಂದ ಮಾವ ಬಣ್ಣದವನಿಗೆ ಆ ಒಂದು ಮಾತು ಹೇಳಿ ಚಪ್ಪಲಿ ಬಿಡುತ್ತಾನೆ. ಯಾರೂ ಅಳುವುದಿಲ್ಲ. ಅದು ಪ್ರಸಾರವಾದ ಸಂಜೆ ಸವಿತಾ ಆಸ್ಪತ್ರೆಯಿಂದ ಮನೆಗೆ ಬಂದು ಐದು ದಿನವಾಗಿತ್ತು. ಏಳು ತಿಂಗಳು ತುಂಬಿತ್ತು, ಹೆಣ್ಣು ಎಂದು ನರ್ಸ್ ಹೇಳಿದ್ದಳು, ಕೇಳದಿದ್ದರೂ. ಟೀವಿ ಆರಿಸಲು ಅವನು ಎದ್ದರೆ ಬೇಡ ಎಂದು ಕೈಸನ್ನೆ ಮಾಡಿ ಪೂರ್ತಿ ನೋಡಿದಳು. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿ, ಐದು ದಿನದಲ್ಲಿ ಮೊದಲ ಸಲ ತಾನಾಗಿ ಬಾಯಿ ಬಿಟ್ಟು, “ಆಕೋಬ” ಎಂದಳು. ಅವನು ಚಹಾ ಕಾಸಿ ತಂದು ಪಕ್ಕದಲ್ಲಿ ಕೂತ. ಅಂದಿನಿಂದ ವರ್ಷಕ್ಕೆ ಮೂರು ನಾಲ್ಕು ಸಲ ಅಂಥ ದಿನ ಬರುತ್ತದೆ. ಅವಳು ಆ ಮಾತೊಂದನ್ನು ಹೇಳುತ್ತಾಳೆ, ಅವನು ಚಹಾ ತಂದು ಕೂರುತ್ತಾನೆ, ಬೇರೆ ಮಕ್ಕಳಾಗದ್ದರ ಬಗ್ಗೆ, ಆಸ್ಪತ್ರೆಯ ಬಗ್ಗೆ, ಯಾವುದರ ಬಗ್ಗೆಯೂ ಮಾತಿಲ್ಲ, ಸಂಜೆ ಹೊತ್ತಿಗೆ ಅವಳು ಎದ್ದು ದೀಪ ಹಚ್ಚುತ್ತಾಳೆ. ಆ ಮಾತನ್ನು ಬಳಗಕ್ಕೆ ಕೊಡಬಾರದೆಂಬಷ್ಟು ಮರ್ಯಾದೆ ಅವನಿಗೆ ಮೂರು ವರ್ಷ ಇತ್ತು. ಹೋದ ಸೋಮವಾರ ಮಲ್ಲಿಕ್ ಬರೆದ: “ನೂರಾ ಹದಿನೆಂಟು ಇಷ್ಟ್ ದಿನ ಖಾಲಿ ಬಿದ್ದಿದೆ. ಪಟ್ಟಿ ಸರ್‌ಗೆ ಹೊಳೀಲಿಲ್ಲ ಅನ್ಸುತ್ತೆ. ನಾನ್ ಹೇಳ್ತೀನಿ, ‘ಕೋಣೆ’.” ಹೊಳೆಯಲಿಲ್ಲ ಅನ್ನುವ ಮಾತು ಸಿದ್ರಾಮನ ಎದೆಗೆ ಚುಚ್ಚಿತು. ಅರ್ಧ ನಿಮಿಷವೂ ಆಗಿರಲಿಲ್ಲ, ಅವನು ಬರೆದಿದ್ದ: “ಅದಕ್ಕೆ ಎಂದೋ ಹೆಸರಿದೆ. ಆಕೋಬ.” ಕಳಿಸಿದ ಮೇಲೆ ಅಳಿಸಬಹುದಿತ್ತು. ಅಷ್ಟರಲ್ಲಿ ಒಬ್ಬರು ಚಪ್ಪಾಳೆ ತಟ್ಟಿದ್ದರು.

ಬಚ್ಚಲಿನಲ್ಲಿ ನೀರು ಇನ್ನೂ ಬೀಳುತ್ತಿತ್ತು. ಸಿದ್ರಾಮ ಎದ್ದು ಫ್ರಿಜ್ಜಿನ ಮೇಲಿನ ಅವಳ ಫೋನು ತೆಗೆದ. ಹದಿನಾರು ವರ್ಷದಲ್ಲಿ ಅವಳ ಪರ್ಸಿಗೆ ಕೂಡ ಕೈ ಹಾಕದವನು. ಬೀಗದ ಸಂಖ್ಯೆ ಇಬ್ಬರದೂ ಒಂದೇ. ಮಲ್ಲಿಕ್‌ನ ಹೆಸರು ಮೂರನೆಯದಿತ್ತು, ಅತ್ತಿಗೆಯ ಕೆಳಗೆ, ಗ್ಯಾಸಿನವನ ಮೇಲೆ. ಒಳಗೆ ಇದ್ದದ್ದು ಎರಡೇ ಸಾಲು. “ಅಕ್ಕಾ, ನೀವ್ ಸರ್ ಮನೆಯವ್ರೇ ಆಗಿ ನನ್ ಕಡೆ ಹಾಕಿದ್ದೀರಲ್ಲ, ಬೇಜಾರ್ ಮಾಡ್ಕೊಳಲ್ವಾ ಅವ್ರು?” ಅದಕ್ಕೆ ಇವಳು: “ಆ ಹೆಸರು ಬಳಗಕ್ಕ ಬ್ಯಾಡ ಅನ್ಸಿತಪ್ಪ. ಕೋಣೆ ಅಂದ್ರ ಸಾಕು.” ಅಷ್ಟೇ. ಬುದ್ಧಿ ನೆಟ್ಟಗಿದ್ದವನಿಗೆ ಆ ಎರಡನೇ ಸಾಲು ಸಾಕಾಗಿತ್ತು. ಆದರೆ ಸಿದ್ರಾಮ ಓದಿದ್ದು ಬೇರೆ: ತನಗೆ ಹೇಳದ ಕಾರಣವನ್ನು ಅವನಿಗೆ ಹೇಳಿದ್ದಾಳೆ. ಅಪ್ಪ ಎಂದಿದ್ದಾಳೆ. ಅನ್ಸಿತಪ್ಪ. ಅಕ್ಕ ತಮ್ಮ ಎಂದರೆ ಸಂಶಯಕ್ಕೆ ಜಾಗವಿಲ್ಲ ಎಂಬುದು ಇನ್ನೊಂದು ಸಂಕಟ. ಸಂಶಯ ಪಡಲು ಆಗಿದ್ದರೆ ಕನಿಷ್ಠ ಜಗಳವಾಡಬಹುದಿತ್ತು. ನೀರಿನ ಸದ್ದು ನಿಂತಿತು. ಫೋನನ್ನು ಇಟ್ಟ ಜಾಗದಲ್ಲೇ ಇಟ್ಟ, ಆದರೆ ತಲೆಕೆಳಗಾಗಿ ಇಟ್ಟನೇನೋ ಎಂಬ ಅನುಮಾನ ದಿನವಿಡೀ ಅವನನ್ನು ಬಿಡಲಿಲ್ಲ.

ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಸವಿತಾ ಹೊರಗೆ ಬಂದಳು. ಡಬ್ಬಿಗೆ ರೊಟ್ಟಿ, ಬದನೆಕಾಯಿ ಪಲ್ಯ ತುಂಬಿ ಅವನ ಮುಂದಿಟ್ಟಳು. ಒಳಗೆ ಹೋಗುತ್ತಾಳೆಂದುಕೊಂಡರೆ ಎದುರಿಗೇ ನಿಂತಳು.

“ಅದೊಂದ ಬಿಟ್ಟಬಿಡ್ರಿ,” ಅಂದಳು.

“ಯಾವ್ದು?”

“ನಿಮಗ ಗೊತ್ತೈತಿ.”

“ವೋಟಿಂಗ್ ಸಂಜಿ ಐದಕ್ಕ ಮುಗಿತೈತಿ,” ಎಂದ ಸಿದ್ರಾಮ, ಬೂಟಿನ ದಾರ ಕಟ್ಟುತ್ತ. “ಈಗ ಹಿಂದ ತಗೊಂಡ್ರ ಏನಂತಾರ ಮಂದಿ. ಸೋತೆ ಅಂತಾರ.”

“ಅನ್ಲಿ ಬಿಡ್ರಿ. ಸೋತ್ರ ಏನಾತು?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಅವನಿಗೆ ಕೇಳಿಸಿದ್ದು ‘ಸೋತ್ರ’ ಎಂಬುದೊಂದೇ. ಮಲ್ಲಿಕ್ ಸೋತರೆ ಏನಾಗುತ್ತದೆ ಎಂದು ಇವಳು ಯಾಕೆ ಕೇಳುತ್ತಿಲ್ಲ? ಡಬ್ಬಿ ಎತ್ತಿಕೊಂಡು ಹೊರಟ. ಗೇಟು ದಾಟಿದ ಮೇಲೆ ತಿರುಗಿ ನೋಡಿದರೆ ಅವಳು ಬಾಗಿಲಲ್ಲೇ ನಿಂತಿದ್ದಳು. ಅವನು ತಿರುಗಿ ನೋಡಿದ್ದನ್ನು ಮರೆಸಲು ಕುತ್ತಿಗೆ ತುರಿಸಿಕೊಂಡ.

ಸ್ಟೋರಿನಲ್ಲಿ ಆ ದಿನ ಅರವತ್ತು ಕಾಸ್ಟಿಂಗ್ ವಾಪಸು ಬಂದಿದ್ದವು. ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಒಳಗೆ ತೂತುಬಿದ್ದ ಮಾಲು. ಅಂಥದಕ್ಕೆ ಕೆಂಪು ಚೀಟಿ ಬರೆದು ತಂತಿಯಲ್ಲಿ ಕಟ್ಟಿ ಬೇರೆ ಇಡಬೇಕು. ಸಿದ್ರಾಮ ಬರೆಯುವುದು, ಹೆಲ್ಪರ್ ನಂಜಪ್ಪ ಕಟ್ಟುವುದು. ನಂಜಪ್ಪನಿಗೆ ಐವತ್ತೆರಡು ವರ್ಷ, ನೆಲಮಂಗಲದ ಕಡೆಯವನು, ಸಿದ್ರಾಮನಿಗಿಂತ ಏಳು ವರ್ಷ ದೊಡ್ಡವನಾದರೂ ಅಣ್ಣ ಎಂದೇ ಕರೆಯುತ್ತಿದ್ದ. ಬರೆಯುತ್ತ ಬರೆಯುತ್ತ ಸಿದ್ರಾಮ ಮೇಜಿನ ಕೆಳಗೆ ಫೋನು ನೋಡಿದ. ನಲವತ್ತಾರು, ಐವತ್ತೊಂದು. ಅಂತರ ಅದೇ ಐದು, ಕಡಿಮೆಯಾಗುತ್ತಿಲ್ಲ. ಯಾರೋ ಬರೆದಿದ್ದರು, ಆಕೋಬ ಎನ್ನುವುದು ಕೆಮ್ಮಿನ ಔಷಧದ ಹೆಸರಿನ ಹಾಗಿದೆ ಎಂದು. ಮಲ್ಲಿಕ್ ಅದಕ್ಕೆ ನಕ್ಕಿರಲಿಲ್ಲ. “ಹಂಗೆಲ್ಲ ಬೇಡ, ಸರ್ ಹೆಸರಲ್ಲೂ ಒಂದು ಫೀಲ್ ಇದೆ” ಎಂದಿದ್ದ. ಅವನ ದೊಡ್ಡತನ ಕಂಡು ಸಿದ್ರಾಮನಿಗೆ ಮೈ ಉರಿಯಿತು. ಎಲ್ಲರೆದುರು ಒಳ್ಳೆಯವನಾಗಲು ಇವನಿಗೆ ಎಷ್ಟು ಸಲೀಸು. ಚೀಟಿ ಬರೆದು ಕೊಟ್ಟ. ನಂಜಪ್ಪ ತಂತಿ ಸುತ್ತಿ ಇಕ್ಕಳದಲ್ಲಿ ಬಿಗಿದ.

ಸ್ಟೋರ್ಸ್ ಮ್ಯಾನೇಜರ್ ವೆಂಕಟರಮಣಪ್ಪ ಹತ್ತೂವರೆಯ ರೌಂಡಿಗೆ ಬಂದವರು ಕ್ರೇಟಿನ ಮುಂದೆ ನಿಂತರು.

“ಸಿದ್ರಾಮ, ಆಕೋಬ ಅಂದ್ರೆ ಯಾವ ಪಾರ್ಟ್ರೀ?”

ಅವನು ಎದ್ದು ಬಂದು ನೋಡಿದ. ಮಾಲಿನ ಹೆಸರು ಬರೆಯುವ ಜಾಗದಲ್ಲಿ ಅವನದೇ ದುಂಡಗಿನ ಅಕ್ಷರದಲ್ಲಿ ಆ ಮಾತು. ಕೆಳಗೆ: ತಿರಸ್ಕೃತ, ಅರವತ್ತು ಪೀಸು, ಒಳಗೆ ತೂತು.

“ಹೊಸ ಐಟಂ ಸಾರ್,” ಎಂದ.

“ಎಲ್ಲಾ ವೇಸ್ಟಾ?”

“ಹೌದು ಸಾರ್.”

“ಮತ್ತೆ ಯಾಕ್ ಇಲ್ಲಿಟ್ಕೊಂಡಿದ್ದೀರಿ, ಜಾಗ ಬೇಡ್ವಾ? ಸ್ಕ್ರ್ಯಾಪಿಗೆ ಹಾಕ್ಸಿ.”

ವೆಂಕಟರಮಣಪ್ಪ ಹೋದರು. ಚೀಟಿ ಕೀಳಲು ಹೋದರೆ ತಂತಿ ಬಿಗಿಯಾಗಿತ್ತು, ನಂಜಪ್ಪ ಕೆಲಸದಲ್ಲಿ ಚೊಕ್ಕ. ಸಿದ್ರಾಮ ಆ ಕೆಂಪು ಚೀಟಿಯ ಮೇಲೆ ಅಂಗೈಯಿಟ್ಟ. ಆಸ್ಪತ್ರೆಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು, ಹೆಸರು ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಅವನು ಕೇಳಿದ್ದಕ್ಕೆ ಗುಮಾಸ್ತ ‘ಖಾಲಿ ಬಿಡಿ’ ಎಂದಿದ್ದ. ಆ ದಿನ ಖಾಲಿ ಬಿಟ್ಟಿದ್ದ. ಈಗಲೂ ಹೊತ್ತು ಮೀರಿಲ್ಲ, ನೀಲಾಂಬಿಕಾ ಮೇಡಂಗೆ ಒಂದು ಸಾಲು ಬರೆದರೆ ಮುಗಿಯಿತು, ನನ್ನ ಸೂಚನೆ ಹಿಂದೆ ತೆಗೆದುಕೊಳ್ಳುತ್ತೇನೆ. ಬರೆಯಲೆಂದೇ ಅವನು ಫೋನು ತೆಗೆದದ್ದು. ಈ ಮಾತನ್ನು ಯಾರು ನಂಬದಿದ್ದರೂ ಅವನು ನಂಬುತ್ತಾನೆ. ಆದರೆ ತೆಗೆದಾಗ ಕಂಡದ್ದು ಮಲ್ಲಿಕ್‌ನ ಹೊಸ ಸಾಲು, ಯಾರೇ ಗೆದ್ದರೂ ಎಲ್ಲರಿಗೂ ವರ್ತೂರಿನಲ್ಲಿ ಚುರುಮುರಿ ಎಂದು. ಅದರ ಕೆಳಗೆ, ಒಂದು ನಿಮಿಷದ ಹಿಂದೆ, ಸವಿತಾಳ ನಗುಮುಖ. ಬಾಗಿಲಲ್ಲಿ ಹಾಗೆ ನಿಂತಿದ್ದವಳು ಈಗ ಅಲ್ಲಿ ನಗುತ್ತಿದ್ದಾಳೆ. ಅವನು ಬರೆಯಲಿಲ್ಲ. ಕ್ರೇಟು ಕೈಗಾಡಿಯ ಮೇಲೆ ಸ್ಕ್ರ್ಯಾಪ್ ಯಾರ್ಡಿನ ಕಡೆ ಹೋಯಿತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ನಂಜಪ್ಪನ ಪಕ್ಕದಲ್ಲಿ ಕೂತ. ನಂಜಪ್ಪ ಕಾರ್ಮಿಕರ ಸೊಸೈಟಿಯ ಚುನಾವಣೆಯಲ್ಲಿ ಮೂರು ಸಲ ಜನರನ್ನು ಗೆಲ್ಲಿಸಿದವನು. ವಿಷಯ ಏನೆಂದು ಅವನು ಕೇಳಲೇ ಇಲ್ಲ, ಅದು ಅವನ ಕಸುಬಿಗೆ ಬೇಕಾದದ್ದಲ್ಲ.

“ಎಲ್ಲೊತ್ಬೇಕು ಏಳಣ್ಣ, ಮೇಲಿಂದಾ ಕೆಳಗಿಂದಾ?”

“ಮೇಲಿನದು. ಆಕೋಬ.”

“ಏನಾರ ಆಗ್ಲಿ. ಎಷ್ಟ್ ಜನ ಬೇಕು?”

“ಎಂಟು, ಹತ್ತು.”

“ಮೋಲ್ಡಿಂಗಿನೋರು ಐದ್ ಜನ ಅವ್ರೆ, ಪೇಂಟಿಂಗಲ್ಲಿ ಇಬ್ರು. ಇರು, ನಮ್ ಬಾಮೈದಂಗೂ ಏಳ್ತೀನಿ.”

ಊಟದ ತಟ್ಟೆಗಳ ನಡುವೆ ಫೋನುಗಳು ಕೈಯಿಂದ ಕೈಗೆ ಹೋದವು. ಸಿದ್ರಾಮ ಬಳಗದ ಲಿಂಕು ಕಳಿಸಿದ, ಅವರು ಒತ್ತಿ ಒಳಗೆ ಬಂದರು, ನಂಜಪ್ಪ ಒಬ್ಬೊಬ್ಬರ ಹೆಗಲ ಮೇಲಿಂದ ಬಗ್ಗಿ ನೋಡಿ ಸರಿಯಾಗಿ ಒತ್ತಿದರೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡ. ಒಬ್ಬನೂ ಆ ಧಾರಾವಾಹಿಯನ್ನು ನೋಡಿದವನಲ್ಲ. ಪೇಂಟಿಂಗ್ ಸೆಕ್ಷನ್ನಿನವನು ಸಾರು ಮೆತ್ತಿದ ಕೈಯಲ್ಲೇ ಒತ್ತಿದ. ಅವನ ಉಗುರುಗಳಲ್ಲಿ ನೀಲಿ ಬಣ್ಣ ಕೂತಿತ್ತು. “ಆಕೋಬ ಅಂದ್ರೇನಣ್ಣ, ಪಾರ್ಟಿನಾ?” ಎಂದು ಕೇಳಿದ. ಎಲ್ಲರೂ ನಕ್ಕರು. ಸಿದ್ರಾಮನೂ ನಕ್ಕ. ಎಣಿಕೆ ಐವತ್ತೇಳಕ್ಕೆ ಬಂತು, ಮಲ್ಲಿಕ್‌ನದು ಐವತ್ತೈದರಲ್ಲೇ ನಿಂತಿತ್ತು. ಅವನು ಮಜ್ಜಿಗೆಯನ್ನು ಎರಡು ಸಲ ಹಾಕಿಸಿಕೊಂಡ.

ಐದು ಗಂಟೆಗೆ ಸರಿಯಾಗಿ ನೀಲಾಂಬಿಕಾ ಮೇಡಂ ಮತದಾನ ಮುಗಿಸಿದರು. ಆಕೋಬಕ್ಕೆ ಅರವತ್ತೊಂದು, ಕೋಣೆಗೆ ಐವತ್ತೆಂಟು. ಅವರ ಬರಹ ಹಳೆಯ ಕಾಲದ ಪ್ರಗತಿ ಪತ್ರದಂತೆ ಒಪ್ಪವಾಗಿತ್ತು: “ಸಿದ್ರಾಮ ಅವರಿಗೆ ಅಭಿನಂದನೆಗಳು. ಇಂದು ಮಧ್ಯಾಹ್ನ ಒಂದೂಕಾಲಿನಿಂದ ಒಂದೂವರೆಯ ಒಳಗೆ ನಮ್ಮ ಬಳಗಕ್ಕೆ ಸೇರಿದ ಹತ್ತು ಮಂದಿ ಹೊಸ ಸದಸ್ಯರಿಗೆ ಸ್ವಾಗತ. ತಮಗೆ ಬಹಳ ಇಷ್ಟವಾದ ಕಂತು ಯಾವುದು, ಯಾಕೆ ಎಂಬುದನ್ನು ದಯವಿಟ್ಟು ನಾಲ್ಕು ಸಾಲಿನಲ್ಲಿ ಹಂಚಿಕೊಳ್ಳಿ.” ಅದರ ಕೆಳಗೆ ನಂಜಪ್ಪ ಬರೆದಿದ್ದ: “ಜೈ ಸಿದ್ರಾಮಣ್ಣ.” ಮೋಲ್ಡಿಂಗಿನವನೊಬ್ಬ ಗಣೇಶನ ಚಿತ್ರ ಹಾಕಿದ್ದ. ಬಳಗದವರು ಯಾರೂ ಏನೂ ಅನ್ನಲಿಲ್ಲ. ಅಷ್ಟು ಜನ ಓದಿಯೂ ಏನೂ ಅನ್ನದೆ ಉಳಿದದ್ದು ಹೇಗೆ ಕಾಣಿಸುತ್ತದೆಂದು ಸಿದ್ರಾಮ ಆ ದಿನ ಕಲಿತ.

ಜಾಲಹಳ್ಳಿ ಕ್ರಾಸಿನಲ್ಲಿ ಮೆಟ್ರೋ ಕಂಬಗಳ ಕೆಳಗೆ ರಸ್ತೆ ದಾಟಲು ನಿಂತಿದ್ದಾಗ ಫೋನು ಬಂತು. ಮಲ್ಲಿಕ್. ದನಿ ಅವನು ಕಲ್ಪಿಸಿಕೊಂಡಿದ್ದಕ್ಕಿಂತ ಸಣ್ಣದು, ಸ್ವಲ್ಪ ನೆಗಡಿ ಹಿಡಿದದ್ದು.

“ಸರ್, ಕಂಗ್ರಾಟ್ಸ್. ಸಕ್ಕತ್ ಫೈಟ್ ಕೊಟ್ರಿ.”

“ಹ್ಞೂಂ, ಥ್ಯಾಂಕ್ಸ್ ಅಪ್ಪ.”

“ನಂಗೇನ್ ಬೇಜಾರಿಲ್ಲ ಸರ್. ನಿಜ ಹೇಳ್ಬೇಕಂದ್ರೆ ಮಧ್ಯಾಹ್ನ ಕೂತ್ಕೊಂಡು ನಾಲ್ಕೈದ್ ಸಲ ಹೇಳ್ಕೊಂಡೆ, ಆಕೋಬ, ಆಕೋಬ ಅಂತ. ಒಂಥರಾ ಆಗುತ್ತೆ ಸರ್. ಯಾರೋ ನೋವಲ್ಲಿ ಪೂರ್ತಿ ಹೇಳೋಕಾಗ್ದೆ ಅರ್ಧಕ್ಕೆ ನಿಲ್ಸಿರೋ ಹಂಗೆ. ಹೆಂಗ್ ಹೊಳೀತು ಸರ್ ನಿಮ್ಗೆ?”

ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು. ಆ ಸದ್ದು ಮುಗಿಯುವವರೆಗೆ ಅವನಿಗೆ ಸಮಯವಿತ್ತು. ಹೆಂಡತಿಯ ಮಾತು ಅದು ಎನ್ನಬಹುದಿತ್ತು. ಇಷ್ಟು ಹೊತ್ತು ಯಾರನ್ನು ಕಂಡು ಉರಿಯುತ್ತಿದ್ದನೋ ಅವನಿಗೇ, ಅಪರಿಚಿತನಿಗೆ, ಒಂದೇ ಉಸಿರಿನಲ್ಲಿ ಹೇಳಿ ಹಗುರಾಗಬಹುದಿತ್ತು. ಆದರೆ ಇವನು ಕೇಳಿದ ಕೂಡಲೇ ಅರ್ಥಮಾಡಿಕೊಂಡದ್ದನ್ನು ಕಂಡು ಅವನಿಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಆ ಮಾತಿನೊಳಗೆ ಇವನಿಗೇನು ಕೆಲಸ?

“ಹಂಗೇ ಹೊಳೀತಪ್ಪ,” ಎಂದ. “ಅಭ್ಯಾಸ.”

ಮನೆಗೆ ಬಂದಾಗ ಸವಿತಾ ಪಡಸಾಲೆಯಲ್ಲಿ ಕೂತು ಫೋನು ನೋಡುತ್ತಿದ್ದಳು. ಅವನನ್ನು ಕಂಡು ಅಡಗಿಸಲಿಲ್ಲ, ತಿರುಗಿಸಿ ಅವನಿಗೇ ತೋರಿಸಿದಳು. ಗೆದ್ದ ಹೆಸರಿಗೆ ಆಗಲೇ ಯಾರೋ ಚಿತ್ರ ಮಾಡಿದ್ದರು: ತಲೆಯ ಮೇಲೆ ಬಣ್ಣದ ಡಬ್ಬ ಕವುಚಿಕೊಂಡ ಬೆಕ್ಕು, ಕೆಳಗೆ ದಪ್ಪ ಅಕ್ಷರದಲ್ಲಿ ಆಕೋಬ. ಇನ್ನೊಬ್ಬ ಬರೆದಿದ್ದ, “ಸಿಲ್ಕ್ ಬೋರ್ಡ್ ಹತ್ರ ಒಂದೂವರೆ ಗಂಟೆ, ಫುಲ್ ಆಕೋಬ ಮಚ್ಚಾ.” ಮತ್ತೊಬ್ಬ, “ಅಪ್ರೈಸಲ್ ಆಯ್ತು. ಆಕೋಬ.” ಅದಕ್ಕೆ ಹದಿನೇಳು ಜನ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. ಕೆಟ್ಟ ಜನರಲ್ಲ ಅವರು. ಅವರ ಕೈಗೆ ಒಂದು ಮಾತು ಸಿಕ್ಕಿತ್ತು, ಆಡುತ್ತಿದ್ದರು. ಅವಳು ಬಯ್ಯಬಹುದು ಎಂದು ಸಿದ್ರಾಮ ಬಾಗಿಲ ಹತ್ತಿರವೇ ಬೂಟು ಬಿಚ್ಚುತ್ತ ಕಾದ. ಬಯ್ದರೆ ತಿರುಗಿ ಅನ್ನಲು ಅವನ ಹತ್ತಿರ ಐದು ತಿಂಗಳ ಮಾತುಗಳಿದ್ದವು, ಹೃದಯಗಳ ಲೆಕ್ಕ ಸಮೇತ.

“ಗೆದ್ರಲ್ರೀ,” ಅಂದಳು ಸವಿತಾ. “ಚಲೋ ಆತು. ಕೈಕಾಲ್ ತೊಳಕೊಂಡ್ ಬರ್ರಿ, ಊಟಕ್ಕ ಬಡಸ್ತೀನಿ.”

ಆಮೇಲಿನ ದಿನಗಳಲ್ಲಿ ಏನೂ ಬದಲಾಗಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಇಸ್ತ್ರಿ ಮಾಡಿದ ಅಂಗಿ, ಡಬ್ಬಿ. ಮಲ್ಲಿಕ್‌ನ ಸಾಲುಗಳಿಗೆ ಅವಳು ನಗುವುದೂ ನಿಂತಿತ್ತು. ಅದನ್ನು ಗಮನಿಸಿ ಸಿದ್ರಾಮ ಎರಡು ದಿನ ಖುಷಿಪಟ್ಟ, ಆ ಖುಷಿಗೆ ಸ್ವಲ್ಪ ನಾಚಿಕೊಂಡ ಕೂಡ. ಶುಕ್ರವಾರ ಓವರ್‌ಟೈಮ್ ಇತ್ತು. ಅಆಮೊ ಎಂದು ಮೆಸೇಜು ಬರಬಹುದೆಂದು ನೋಡುತ್ತಿದ್ದ. ಬಂತು: “ಬೇಗ ಬರ್ರಿ. ಅನ್ನ ಆರತೈತಿ.” ಓದಿ, ಸುಸ್ತಾಗಿರಬೇಕು, ಅದಕ್ಕೇ ಪೂರ್ತಿ ಬರೆದಿದ್ದಾಳೆ ಎಂದುಕೊಂಡ. ಸುಸ್ತಾದವರು ಕಡಿಮೆಯಲ್ಲವೇ ಬರೆಯುವುದು ಎಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಭಾನುವಾರ ಊಟವಾದ ಮೇಲೆ ಅವಳು ಒಳಗೆ ಹೋಗಿ ಮಲಗಿದಳು. ಆ ವಾರದ ಕಂತು ಹಚ್ಚುವ ಹೊತ್ತಾಗಿತ್ತು. ಅವನು ಬಾಗಿಲಲ್ಲಿ ಬಂದು ನಿಂತು ನೋಡಿದ. ಗೋಡೆ ಕಡೆ ಮುಖ, ಮೊಣಕಾಲು ಎದೆಗೆ ಬಂದಿವೆ, ಒಂದು ಕೈ ದಿಂಬಿನ ಕೆಳಗೆ. ಹದಿಮೂರು ವರ್ಷದಿಂದ ಅವನು ಚೆನ್ನಾಗಿ ಬಲ್ಲ ಬೆನ್ನು. ಅವನಿಗೆ ಮರುಕ ಬಂತು, ಅದರ ಜೊತೆ, ಸುಳ್ಳೇಕೆ, ಒಂದು ನೆಮ್ಮದಿಯೂ ಬಂತು. ಇದು ಮಲ್ಲಿಕ್‌ಗೆ ಗೊತ್ತಿಲ್ಲದ ಬೆನ್ನು. ಈಗ ಅವಳು ಆ ಮಾತು ಹೇಳುತ್ತಾಳೆ, ತಾನು ಚಹಾ ಕಾಸುತ್ತೇನೆ, ಸಂಜೆ ಹೊತ್ತಿಗೆ ಎಲ್ಲ ಮೊದಲಿನ ಹಾಗಾಗುತ್ತದೆ. ಅವನು ಕಾದ. ಮೇಲಿನ ಮನೆಯವರ ಮಿಕ್ಸಿ ತಿರುಗಿ ನಿಂತಿತು.

“ಏನಾತು?” ಎಂದು ಕೇಳಿದ.

“ಏನಿಲ್ರೀ. ತಲಿ ನೋಯಾಕ್ಹತ್ತೈತಿ.”

ಅದು ಮಾಲೀಕರ ಹೆಂಡತಿಗೆ ಹೇಳುವ ಮಾತು. ಅವನು ಮಂಚದ ಅಂಚಿನಲ್ಲಿ ಕೂತ. ತಾನಾಗಿ ಯಾವತ್ತೂ ಆಡದ ಮಾತನ್ನು, ಮೆಲ್ಲಗೆ, ಅವಳು ಹೇಳುತ್ತಿದ್ದ ದನಿಯಲ್ಲೇ ಹೇಳಲು ನೋಡಿದ.

“ಆಕೋಬ ಏನ?”

ಸವಿತಾ ಈ ಕಡೆ ಹೊರಳಿದಳು. ಕಣ್ಣಲ್ಲಿ ನೀರಿರಲಿಲ್ಲ. ಅವನ ಮುಖವನ್ನು ನೋಡುತ್ತ, ನಿಜವಾಗಿ ತಿಳಿಯದವರ ಹಾಗೆ ಕೇಳಿದಳು.

“ಹಂಗಂದ್ರ ಏನ್ರೀ?”

ಅವನು ನಕ್ಕು ನೋಡಿದ. ಅವಳು ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು. ಹೊಸಬರು ಹೀಗೆ ಕೇಳಿದಾಗ ಪಟ್ಟಿ ನೋಡಿ ಬಿಡಿಸಿ ಹೇಳುವುದು ಅವನ ಕೆಲಸ, ಎಷ್ಟೋ ಜನರಿಗೆ ಹೇಳಿದ್ದಾನೆ.

“ಆ ಕೋಣೆಗೆ,” ಎಂದ. “ಆ ಕೋಣೆಗೆ ಬಣ್ಣ ಬೇಡ.”

ಈ ಮನೆಯಲ್ಲಿ ಆ ಮಾತನ್ನು ಯಾರೂ ಪೂರ್ತಿ ಹೇಳಿರಲಿಲ್ಲ.

“ಹಾಂ, ಹೌದ್ರಿ,” ಅಂದಳು ಸವಿತಾ. “ನೂರಾ ಹದಿನೆಂಟು. ಆ ಕಂತು ಚಲೋ ಐತಿ.” ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಸೌಜನ್ಯದಿಂದ ಹೇಳಿ, ಮತ್ತೆ ಗೋಡೆ ಕಡೆ ತಿರುಗಿದಳು.